ಸರ್ಕಲ್‌ಗೆ ಫೈಟರ್ ವಿಮಾನ ತನ್ನಿ, ಆದರೆ ಕೆಳಗಿನ ಬೋರ್ಡ್‌ನಲ್ಲಿ ಏನು ಬರೆಸುತ್ತೀರಿ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಹೋದ ವಾರ ಹೈಸ್ಕೂಲ್ ಮೈದಾನದ ಸಭೆಯಲ್ಲಿ ನೀವು ಆಡಿದ ಮಾತು ಕೇಳಿ ಖುಷಿಯಾಯಿತು. ಬಸ್ ಸ್ಟ್ಯಾಂಡ್ ಎದುರಿನ ಸರ್ಕಲ್‌ನಲ್ಲಿ ಹಳೆಯ ಮಿಗ್-21 ಒಂದನ್ನು ತಂದು ನಿಲ್ಲಿಸುತ್ತೇವೆ, ಅದಕ್ಕೆ ಪತ್ರ ಹಾಕಿದ್ದೇವೆ ಅಂದಿರಿ. ಆಗ ಸೀಟಿ ಹೊಡೆದವರಲ್ಲಿ ನಾನೂ ಒಬ್ಬ. ಈ ವಯಸ್ಸಿಗೆ ಸೀಟಿ ಹೊಡೆದದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ, ಅದು ಬೇರೆ ವಿಷಯ.

ನಾನು 20 ವರ್ಷ ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದವನು. ಪೈಲಟ್ ಅಲ್ಲ, ಸ್ಪ್ಯಾನರ್ ಹಿಡಿದವನು. ಮಿಗ್-21 ಇಳಿದ ಮೇಲೆ ಅದರ ಓಟ ತಡೆಯಲು ಬಾಲದಿಂದ ಬಿಚ್ಚಿಕೊಂಡ ಪ್ಯಾರಾಚೂಟ್ ಎತ್ತಿಕೊಂಡು ಬರುವುದು, ಮತ್ತೆ ಮಡಚಿ ತುಂಬುವುದು, ಪೈಲಟ್ ಏಣಿ ಹತ್ತಿ ಕೂತ ಮೇಲೆ ಹಿಂದೆ ನಿಂತು ಭುಜದ ಪಟ್ಟಿ ಎಳೆದು ಬಿಗಿಯುವುದು, ಇಂಥವೇ ನಮ್ಮ ಕೆಲಸ. ಹತ್ತುವ ಮೊದಲು ಅವರು ಫಾರ್ಮ್ 700 ಅನ್ನುವ ವಿಮಾನದ ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ವಿಮಾನ ಸರಿ ಇದೆ ಅಂತ ನಾವು ಹಾಕಿದ ಸಹಿಯ ಕೆಳಗೇ ಅವರದ್ದು. ಅದೊಂದು ಥರದ ನಂಟು, ಹೇಳಿದರೆ ಅರ್ಥ ಆಗುವುದಿಲ್ಲ. 1963ರಲ್ಲಿ ಬಂದ ವಿಮಾನವನ್ನು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟಾಗ ಟಿವಿ ಮುಂದೆ ಕೂತು ಕಣ್ಣು ಒರೆಸಿಕೊಂಡಿದ್ದೇನೆ.

ಅದಕ್ಕೇ ಹೇಳುತ್ತಿದ್ದೇನೆ, ವಿಮಾನ ಬರಲಿ. ನನಗೆ ಚಿಂತೆ ಇರುವುದು ಅದರ ಕೆಳಗೆ ಬರುವ ಬೋರ್ಡ್ ಬಗ್ಗೆ. ಬೇರೆ ಕಡೆ ನೋಡಿದ್ದೇನೆ. ಗ್ರಾನೈಟ್ ಕಲ್ಲು, ಅದರಲ್ಲಿ ಉದ್ಘಾಟಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಗೌರವ ಉಪಸ್ಥಿತಿ ಅಂತ ಹನ್ನೊಂದು ಹೆಸರು. ಆಮೇಲೆ ಜಾಗ ಉಳಿದರೆ ವಿಮಾನದ ಉದ್ದ, ರೆಕ್ಕೆಯ ಅಗಲ, ಗರಿಷ್ಠ ವೇಗ. ಅದೂ ಇಂಗ್ಲಿಷಿನಲ್ಲಿ. ಬಸ್ಸಿಗೆ ಕಾಯುವ ಹುಡುಗ ಅದನ್ನು ಓದಿ ಏನು ಮಾಡಬೇಕು ಸಾರ್? ಅವನು ಕೇಳುವ ಪ್ರಶ್ನೆ ಬೇರೆ. ಇದರಲ್ಲಿ ಯಾರು ಕೂರುತ್ತಿದ್ದರು, ಮೇಲೆ ಹೋಗಿ ಹೇಗೆ ಹೊಡೆದಾಡುತ್ತಿದ್ದರು, ಭಯ ಆಗುತ್ತಿರಲಿಲ್ವಾ?

ಆ ಕಥೆಯನ್ನು ಮೊದಲಿನಿಂದ ಹೇಳಬೇಕು ಅನ್ನುವುದು ನನ್ನ ಆಸೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಫೈಟರ್ ವಿಮಾನ ಅಂತ ಒಂದು ವಸ್ತುವೇ ಇರಲಿಲ್ಲ. ವಿಮಾನ ಇದ್ದದ್ದು ಶತ್ರು ಎಲ್ಲಿದ್ದಾನೆ ಅಂತ ಇಣುಕಿ ನೋಡುವುದಕ್ಕೆ. ಮರದ ಚೌಕಟ್ಟು, ಅದರ ಮೇಲೆ ಬಟ್ಟೆ, ಒಂದಷ್ಟು ತಂತಿ, ಅಷ್ಟೇ. ಆಮೇಲೆ ಯಾರೋ ಪಿಸ್ತೂಲು ತಂದರು, ಯಾರೋ ರೈಫಲ್ ತಂದರು. ಆ ವರ್ಷದ ಸೆಪ್ಟೆಂಬರ್ 8ರಂದು ರಷ್ಯಾದ ಪ್ಯೋಟರ್ ನೆಸ್ತೆರೊವ್ ತನ್ನ ವಿಮಾನವನ್ನೇ ಆಸ್ಟ್ರಿಯಾದ ವಿಮಾನಕ್ಕೆ ಗುದ್ದಿಸಿದ. ಅದು ಬಿತ್ತು, ಇವನೂ ಸತ್ತ. ಅಕ್ಟೋಬರ್ 5ರಂದು ಫ್ರಾನ್ಸಿನ ಫ್ರಾಂಜ್ ಮತ್ತು ಕೆನೋ ಅನ್ನುವ ಇಬ್ಬರು ರೀಮ್ಸ್ ಊರಿನ ಹತ್ತಿರ ಮಷಿನ್ ಗನ್‌ನಿಂದ ಒಂದು ಜರ್ಮನ್ ವಿಮಾನವನ್ನು ಹೊಡೆದು ಕೆಡವಿದರು. ಗನ್ನಿನಿಂದ ಆಕಾಶದಲ್ಲಿ ಗೆದ್ದ ಮೊದಲ ಕಾಳಗ ಅದು.

ಆದರೆ ಅವರದ್ದು ಹಿಂದೆ ಫ್ಯಾನ್ ಇದ್ದ ವಿಮಾನ. ಮುಂದೆ ಫ್ಯಾನ್ ಇರುವ ವಿಮಾನದಲ್ಲಿ ನೇರವಾಗಿ ಗುಂಡು ಹಾರಿಸಿದರೆ ನಮ್ಮ ಫ್ಯಾನೇ ಚೂರಾಗುತ್ತದೆ, ಅಲ್ವಾ? ಇದಕ್ಕೆ ರೊಲಾಂ ಗ್ಯಾರೋಸ್ ಅನ್ನುವ ಫ್ರೆಂಚ್ ಪೈಲಟ್ ಕಂಡುಕೊಂಡ ಉಪಾಯ ಒರಟು. ಫ್ಯಾನಿನ ರೆಕ್ಕೆಗಳಿಗೆ ಉಕ್ಕಿನ ಬೆಣೆ ಜಡಿಸಿದ. ಬಡಿದ ಗುಂಡು ಚಿಮ್ಮಿ ಪಕ್ಕಕ್ಕೆ ಹೋಗಲಿ, ತಪ್ಪಿಸಿಕೊಂಡದ್ದು ಶತ್ರುವಿಗೆ ತಾಗಲಿ ಅಂತ. 1915ರ ಏಪ್ರಿಲ್ 1ರಂದು ಮೊದಲ ಬೇಟೆ ಸಿಕ್ಕಿತು, ಏಪ್ರಿಲ್ 18ಕ್ಕೆ ಶತ್ರು ನೆಲದಲ್ಲಿ ಇಳಿಯಬೇಕಾಗಿ ಬಂದು ಸಿಕ್ಕಿಬಿದ್ದ. (ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ನಡೆಯುವ ಟೆನಿಸ್ ಅಂಗಳಕ್ಕೆ ಇವನದ್ದೇ ಹೆಸರು. ಹೆಸರು ಕೇಳಿದವರಲ್ಲಿ ಅರ್ಧ ಜನ ಅವನು ಟೆನಿಸ್ ಆಟಗಾರ ಅಂದುಕೊಂಡಿರುತ್ತಾರೆ.)

ಅವನ ವಿಮಾನ ನೋಡಿದ ಜರ್ಮನರು ನಮಗೂ ಇಂಥದ್ದು ಬೇಕು ಅಂತ ಆಂಥನಿ ಫೋಕರ್ ಕಾರ್ಖಾನೆಗೆ ಹೇಳಿದರು. ಅಲ್ಲಿಂದ ಬಂದದ್ದು ಬೆಣೆ ಅಲ್ಲ, ಕ್ಯಾಮ್, ಅಂದರೆ ಒಂದು ಕಡೆ ಉಬ್ಬು ಇರುವ, ತಿರುಗುವ ಬಿಲ್ಲೆ. ನಮ್ಮ ಊರಿನ ಯಾವ ಬೈಕ್ ಮೆಕ್ಯಾನಿಕ್‌ಗೆ ಹೇಳಿದರೂ ತಕ್ಷಣ ಅರ್ಥವಾಗುತ್ತದೆ. ಎಂಜಿನ್ ತಿರುಗಿದ ಹಾಗೆ ಒಂದು ಕ್ಯಾಮ್ ತಿರುಗುತ್ತದೆ, ಅದು ಒಂದು ಕಡ್ಡಿಯನ್ನು ತಳ್ಳುತ್ತದೆ, ಆ ಕಡ್ಡಿ ಗನ್ನಿನ ಟ್ರಿಗರ್‌ಗೆ ಸೇರಿಕೊಂಡಿರುತ್ತದೆ. ಫ್ಯಾನಿನ ರೆಕ್ಕೆ ನಳಿಗೆ ಮುಂದೆ ಇಲ್ಲದಾಗ ಮಾತ್ರ ಗುಂಡು ಹೊರಡುತ್ತದೆ. ಪೈಲಟ್ ಈಗ ಗನ್ ತಿರುಗಿಸಬೇಕಾಗಿಲ್ಲ, ಇಡೀ ವಿಮಾನವನ್ನೇ ಗುರಿ ಇಟ್ಟರೆ ಆಯಿತು. ವಿಮಾನವೇ ಬಂದೂಕು. ಫೈಟರ್ ಹುಟ್ಟಿದ್ದು ಇಲ್ಲಿ ಅಂತ ನಾನು ಹೇಳುತ್ತೇನೆ. ಬೋರ್ಡ್‌ನಲ್ಲಿ ಇದರದ್ದೊಂದು ಸಣ್ಣ ಚಿತ್ರ ಬರೆಸಿ ಸಾರ್, ಐಟಿಐ ಹುಡುಗರು ನಿಂತು ನೋಡುತ್ತಾರೆ.

ಆ ಪೈಲಟ್‌ಗಳ ಪಾಡು ಹೇಗಿತ್ತು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ, ಹರಳೆಣ್ಣೆ. ಹೌದು, ನಮ್ಮ ಅಜ್ಜಿ ತಲೆಗೆ ತಟ್ಟುತ್ತಿದ್ದ, ಹೊಟ್ಟೆ ಕಟ್ಟಿದರೆ ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಸಾಪ್‌ವಿತ್ ಕ್ಯಾಮಲ್ ಥರದ ವಿಮಾನಗಳಲ್ಲಿ ಫ್ಯಾನಿನ ಜೊತೆ ಇಡೀ ಎಂಜಿನ್ನೇ ಗಿರ್ರನೆ ತಿರುಗುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ, ಯಾಕೆಂದರೆ ಅದು ಪೆಟ್ರೋಲಿನ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ. ಒಳಗೆ ಹೋದ ಎಣ್ಣೆ ಸುಟ್ಟ ಹೊಗೆಯ ಜೊತೆ ಹೊರಗೆ ಸಿಡಿದು, ತೆರೆದ ಕಾಕ್‌ಪಿಟ್‌ನಲ್ಲಿ ಕೂತವನ ಮುಖ, ಕನ್ನಡಕ, ಬಾಯಿ ಎಲ್ಲದಕ್ಕೂ ರಾಚುತ್ತಿತ್ತು. ಗಂಟೆಗಟ್ಟಲೆ ಅದನ್ನು ಉಸಿರಾಡಿ, ನುಂಗಿ, ಕೆಳಗೆ ಇಳಿದ ಮೇಲೆ ಏನಾಗುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಕಾಶದ ವೀರರು ಅಂತ ಪೇಪರುಗಳು ಬರೆಯುತ್ತಿದ್ದವು, ವೀರರು ಚೊಂಬು ಹುಡುಕಿಕೊಂಡು ಓಡುತ್ತಿದ್ದರು.

ಇದರ ಮೇಲೆ ಚಳಿ. 15,000 ಅಡಿ ಮೇಲೆ ಮೈ ಮರಗಟ್ಟುವ ಗಾಳಿ, ಆಕ್ಸಿಜನ್ ಇಲ್ಲ. ಇನ್ನೂ ಸಿಟ್ಟು ಬರುವ ಸಂಗತಿ ಏನೆಂದರೆ ಪ್ಯಾರಾಚೂಟ್ ಕೂಡ ಇಲ್ಲ. ಬಲೂನಿನಲ್ಲಿ ಕೂತು ಕಾವಲು ಕಾಯುವವರಿಗೆ ಕೊಟ್ಟಿದ್ದರು, ಬ್ರಿಟನ್ನಿನ ಪೈಲಟ್‌ಗಳಿಗೆ ಮಾತ್ರ ಯುದ್ಧ ಮುಗಿಯುವವರೆಗೂ ಕೊಡಲಿಲ್ಲ. ಜರ್ಮನರು 1918ರಲ್ಲಿ ಕೊಡಲು ಶುರು ಮಾಡಿದರು. ಬಟ್ಟೆಯ ವಿಮಾನ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್. ಬೆಂಕಿ ಹತ್ತಿದರೆ ಮುಗಿಯಿತು. ಮಿಕ್ ಮ್ಯಾನಕ್ ಅನ್ನುವ ಬ್ರಿಟಿಷ್ ಪೈಲಟ್, ಹತ್ತಾರು ವಿಮಾನ ಕೆಡವಿದ ಘಟಾನುಘಟಿ, ಬೆಂಕಿಗೆ ಹೆದರಿ ಜೊತೆಯಲ್ಲಿ ಒಂದು ರಿವಾಲ್ವರ್ ಇಟ್ಟುಕೊಳ್ಳುತ್ತಿದ್ದ. ಶತ್ರುವಿಗಲ್ಲ, ತನಗೆ. 1918ರ ಜುಲೈ 26ರಂದು ಅವನ ವಿಮಾನ ಬೆಂಕಿ ಹತ್ತಿಕೊಂಡೇ ಬಿತ್ತು. ಬಾಲದ ಪ್ಯಾರಾಚೂಟ್ ಮಡಚಿ ಬದುಕಿದ ನನಗೆ ಇದನ್ನು ಓದಿದಾಗಲೆಲ್ಲ ಕೈ ನಡುಗುತ್ತದೆ. ವಿಮಾನ ನಿಲ್ಲಿಸುವುದಕ್ಕೆ ನಮ್ಮ ಹತ್ತಿರ ಚೂಟ್ ಇತ್ತು, ಮನುಷ್ಯನಿಗೆ ಅವರ ಹತ್ತಿರ ಇರಲಿಲ್ಲ.

ಫೈಟರ್ ಅಂದರೆ ಎಲ್ಲರೂ ಹೇಳುವುದು ಜರ್ಮನಿಯ ಕೆಂಪು ಬ್ಯಾರನ್ ರಿಕ್ತೋಫೆನ್ ಕಥೆ. 80 ವಿಮಾನ ಕೆಡವಿದ, ಒಂದೊಂದಕ್ಕೂ ಒಂದು ಬೆಳ್ಳಿ ಲೋಟ ಮಾಡಿಸಿಕೊಳ್ಳುತ್ತಿದ್ದ, 60ಕ್ಕೆ ಜರ್ಮನಿಯಲ್ಲಿ ಬೆಳ್ಳಿಯೇ ಸಿಗದಂತಾಯಿತು. ಸರಿ. ನನಗೆ ಅವನಿಗಿಂತ ಅವನ ಗುರು ಓಸ್ವಾಲ್ಡ್ ಬೋಲ್ಕೆ ಜಾಸ್ತಿ ಇಷ್ಟ. ಸೂರ್ಯನನ್ನು ಬೆನ್ನಿಗೆ ಇಟ್ಟುಕೋ, ಹತ್ತಿರ ಹೋಗುವವರೆಗೂ ಗುಂಡು ಹಾರಿಸಬೇಡ, ಶತ್ರು ಮೇಲಿನಿಂದ ಎರಗಿದರೆ ಓಡಬೇಡ, ತಿರುಗಿ ಎದುರಿಗೇ ಹೋಗು, ಹೀಗೆ ಎಂಟು ಸೂತ್ರ ಬರೆದಿಟ್ಟ. ಆಕಾಶದ ಜಗಳಕ್ಕೂ ಒಂದು ವ್ಯಾಕರಣ ಇದೆ ಅಂತ ತೋರಿಸಿದ ಮನುಷ್ಯ. ಅಂಥವನು 40 ವಿಮಾನ ಕೆಡವಿದ ಮೇಲೆ 1916ರ ಅಕ್ಟೋಬರ್ 28ರಂದು ಸತ್ತದ್ದು ಶತ್ರುವಿನ ಗುಂಡಿಗಲ್ಲ. ತನ್ನದೇ ಗೆಳೆಯನ ವಿಮಾನ ತಾಗಿ ಕೆಳಗೆ ಬಿದ್ದ. ಅವತ್ತು ಬೆಲ್ಟ್ ಸರಿಯಾಗಿ ಬಿಗಿದುಕೊಂಡಿರಲಿಲ್ಲ. ಏಣಿ ಮೇಲೆ ನಿಂತು ಸಾವಿರ ಸಲ ಪಟ್ಟಿ ಎಳೆದವನು ನಾನು. ನನ್ನ ಹಾಗೆ ಒಬ್ಬ ಅವತ್ತು ಹಿಂದೆ ನಿಂತು ಎಳೆದಿದ್ದರೆ ಅಂತ ಅನ್ನಿಸದೇ ಇರುತ್ತದಾ?

ಇನ್ನು ನಮ್ಮವರು. ಇಂದ್ರಲಾಲ್ ರಾಯ್ ಕಲ್ಕತ್ತಾದವನು, ಹುಟ್ಟಿದ್ದು 1898ರ ಡಿಸೆಂಬರ್ 2, ಓದಿದ್ದು ಲಂಡನ್ನಿನಲ್ಲಿ. ಬ್ರಿಟಿಷರ ವಿಮಾನ ದಳ ಸೇರಲು ಹೋದಾಗ ಕಣ್ಣು ಸರಿ ಇಲ್ಲ ಅಂತ ಮೊದಲು ವಾಪಸ್ ಕಳಿಸಿದರು. ತನ್ನ ಮೋಟಾರ್‌ಸೈಕಲ್ ಮಾರಿ ದೊಡ್ಡ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಸರ್ಟಿಫಿಕೇಟ್ ತಂದ ಅಂತ ಹೇಳುತ್ತಾರೆ. 1917ರ ಡಿಸೆಂಬರ್‌ನಲ್ಲಿ ಅವನ ವಿಮಾನ ಬಿತ್ತು. ಸತ್ತ ಅಂತ ಹೆಣಗಳ ಜೊತೆ ಮಲಗಿಸಿದ್ದರಂತೆ, ಎಚ್ಚರವಾಗಿ ಬಾಗಿಲು ಬಡಿದನಂತೆ. ಅದು ನಡೆದದ್ದು ಹೇಗೋ, ಬದುಕಿದ್ದಂತೂ ನಿಜ. 1918ರ ಜುಲೈ 6ರಿಂದ 19ರ ಒಳಗೆ, ಎಸ್‌ಇ5ಎ ವಿಮಾನದಲ್ಲಿ, ಅವನ ಲೆಕ್ಕಕ್ಕೆ ಹತ್ತು ಗೆಲುವು ಬಂತು. ಜುಲೈ 22ರಂದು ಫ್ರಾನ್ಸಿನ ಕಾರ್ವಿನ್ ಊರಿನ ಮೇಲೆ ಕಾಳಗದಲ್ಲಿ ಸತ್ತ. ಹತ್ತೊಂಬತ್ತು ವರ್ಷ. ನಮ್ಮ ಊರಲ್ಲಿ ಆ ವಯಸ್ಸಿನ ಹುಡುಗರನ್ನು ಇನ್ನೂ ಪಾರ್ಟ್ ಟೈಮ್ ಕೆಲಸಕ್ಕೂ ಕಳಿಸುವುದಿಲ್ಲ ಸಾರ್.

ಫ್ರಾನ್ಸಿನ ಎಸ್ತೆವೆಲ್ ಅನ್ನುವ ಹಳ್ಳಿಯಲ್ಲಿ ಅವನ ಸಮಾಧಿ ಇದೆ. ಕಲ್ಲಿನ ಮೇಲೆ ಬಂಗಾಳಿ ಅಕ್ಷರ ಕೆತ್ತಿಸಿದ್ದಾರೆ. ಮಹಾವೀರನ ಸಮಾಧಿ, ಗೌರವ ತೋರಿಸಿ, ಮುಟ್ಟಬೇಡಿ ಅನ್ನುವ ಅರ್ಥದ ಮಾತು. ಫ್ರಾನ್ಸಿನ ಹಳ್ಳಿಯಲ್ಲಿ ಬಂಗಾಳಿ ಇರಬಹುದಾದರೆ ನಮ್ಮ ತಾಲ್ಲೂಕಿನ ಸರ್ಕಲ್‌ನಲ್ಲಿ ಕನ್ನಡ ಇರಬಾರದಾ?

ಹರ್ದಿತ್ ಸಿಂಗ್ ಮಲಿಕ್ ಇನ್ನೊಬ್ಬರು. ಆಕ್ಸ್‌ಫರ್ಡ್‌ನಲ್ಲಿ ಓದಿದ ಸಿಖ್ಖರು. ಇಂಡಿಯನ್ ಅಂತ ಬ್ರಿಟಿಷರು ಪೈಲಟ್ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ, ಹಾಗಾಗಿ ಫ್ರಾನ್ಸಿಗೆ ಹೋಗಿ ಆಂಬ್ಯುಲೆನ್ಸ್ ಓಡಿಸಿದರು. ಫ್ರೆಂಚರ ಪರವಾಗಿಯೇ ಹಾರುತ್ತೇನೆ ಅಂತ ಹೊರಟಾಗ, ಅವರ ಪ್ರೊಫೆಸರು ಇಂಗ್ಲೆಂಡಿನ ಜನರಲ್ ಒಬ್ಬರಿಗೆ ಕಾಗದ ಬರೆದು ಬ್ರಿಟಿಷರ ವಿಮಾನ ದಳಕ್ಕೇ ಸೇರಿಸಿದರು. ಪೇಟ ಬಿಚ್ಚುವುದಿಲ್ಲ ಅಂದರು, ಪೇಟದ ಮೇಲೆ ಕೂರುವ ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡು ಹಾರಿದರು. 1917ರ ಅಕ್ಟೋಬರ್ 26ರಂದು ಕೆಟ್ಟ ಹವೆಯಲ್ಲಿ ಹೋಗಿ ಕಾಲಿಗೆ ಗುಂಡು ತಿಂದು, ಜರಡಿಯಾದ ಕ್ಯಾಮಲ್ ವಿಮಾನವನ್ನು ತಮ್ಮವರ ಕಡೆಗೆ ತಂದು ಬೀಳಿಸಿದರು. ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಅದೇ ಫ್ರಾನ್ಸಿಗೆ ಹೋದರು.

ಬ್ರಿಟಿಷರಿಗಾಗಿ ಹಾರಿದವರ ಹೆಸರು ನಮ್ಮ ಊರಿಗೆ ಯಾಕೆ ಅಂತ ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ನಿಮ್ಮ ಎದುರು ಪಕ್ಷದವರಂತೂ ಖಂಡಿತ. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ನಿಮ್ಮ ಕೈಲಿ ಆಗಲ್ಲ ಅಂದವರ ಎದುರು ಆಗುತ್ತೆ ಅಂತ ತೋರಿಸಿದವರು ಇವರು. ನಮ್ಮ ವಾಯುಪಡೆ ಹುಟ್ಟಿದ್ದೇ 1932ರಲ್ಲಿ, ಇವರು ಹಾರಿದ ಹದಿನಾಲ್ಕು ಹದಿನೈದು ವರ್ಷ ಆದ ಮೇಲೆ.

ಕರ್ನಾಟಕದವರೇ ಬೇಕು ಅಂದರೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಇದ್ದಾರೆ. ಬೋರ್ಡ್‌ನಲ್ಲಿ ಅರ್ಧ ಜಾಗ ಅವರಿಗೇ ಕೊಡಿ ಅನ್ನುತ್ತೇನೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಅವರದ್ದು ಮಿಸ್ಟೇರ್ ವಿಮಾನ, ಎದುರಾದದ್ದು ಶಬ್ದದ ಎರಡರಷ್ಟು ವೇಗದ ಸ್ಟಾರ್‌ಫೈಟರ್. ಏಟು ತಿಂದ ಮಿಸ್ಟೇರನ್ನೇ ತಿರುಗಿಸಿ, ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಕೆಡವಿದರು. ಆ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ, ದೇವಯ್ಯನವರು ಬದುಕಲಿಲ್ಲ. ಅಲ್ಲಿ ಏನಾಯಿತು ಅಂತ ನಮಗೆ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಓಡಬೇಡ, ತಿರುಗಿ ಎದುರಿಗೇ ಹೋಗು ಅಂತ ಬೋಲ್ಕೆ ಬರೆದದ್ದು 1916ರಲ್ಲಿ. ಬಟ್ಟೆಯ ವಿಮಾನ ಹೋಗಿ ಜೆಟ್ ಬಂದರೂ ಆ ಮಾತು ಹಳೆಯದಾಗಿರಲಿಲ್ಲ.

ಒಂದು ಬೇಡಿಕೆ ಇದೆ. ವಿಮಾನದ ಹೊಟ್ಟೆಯ ಮೇಲೆ ಯಾರ ಫ್ಲೆಕ್ಸೂ ಬೇಡ. ನಿಮ್ಮದೂ ಬೇಡ, ಹುಟ್ಟುಹಬ್ಬದ ದಿನವೂ ಬೇಡ. ಉದ್ಘಾಟನೆಯ ಕಲ್ಲನ್ನು ಹಿಂದುಗಡೆಗೆ ಹಾಕಿಸಿ, ಮುಂದಿನ ಜಾಗ ಕಥೆಗೆ ಬಿಡಿ. ಅಕ್ಷರ ದಪ್ಪಗಿರಲಿ, ಕನ್ನಡಕ ಇಲ್ಲದವರೂ ಓದುವ ಹಾಗೆ.

ಇನ್ನೊಂದು, ಇದು ಫಿಟ್ಟರ್ ಬುದ್ಧಿ, ಬಿಡುವುದಕ್ಕೆ ಆಗುವುದಿಲ್ಲ. ಮಿಗ್-21ರ ಮೂತಿಯೇ ದೊಡ್ಡ ತೂತು, ಗಾಳಿ ಒಳಗೆ ಹೋಗುವ ದಾರಿ. ಅದಕ್ಕೆ ಮೊದಲ ದಿನವೇ ಜಾಲರಿ ಹಾಕಿಸಿ, ಇಲ್ಲದಿದ್ದರೆ ತಿಂಗಳೊಳಗೆ ಬಸ್ ಸ್ಟ್ಯಾಂಡಿನ ಪಾರಿವಾಳಗಳೆಲ್ಲ ಅಲ್ಲೇ ಸಂಸಾರ ಹೂಡುತ್ತವೆ. ಮಳೆ ನೀರು ಒಳಗೆ ನಿಲ್ಲದ ಹಾಗೆ ಕೆಳಗೆ ತೂತು ಬಿಡಿಸಬೇಕು. ಕಂಟ್ರಾಕ್ಟರಿಗೆ ಗೊತ್ತಾಗದಿದ್ದರೆ ನಾನೇ ಬಂದು ನಿಂತು ಹೇಳುತ್ತೇನೆ, ಕೂಲಿ ಬೇಡ.

ಬೋರ್ಡ್‌ಗೆ ಬೇಕಾದ ಬರಹ ಬರೆದಿಟ್ಟಿದ್ದೇನೆ, ಎರಡು ಹಾಳೆ. ಮಂಗಳವಾರ ನೀವು ಐಬಿಯಲ್ಲಿ ಜನರನ್ನು ನೋಡುತ್ತೀರಲ್ಲ, ಅವತ್ತು ತಂದುಕೊಡುತ್ತೇನೆ. ನಿಮ್ಮ ಪಿಎ ಹತ್ತಿರ ಕೊಟ್ಟು ಹೋಗಿ ಅನ್ನಬೇಡಿ, ನಿಮ್ಮ ಕೈಗೇ ಕೊಡಬೇಕು.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಒಬ್ಬ ನಿವೃತ್ತ ಏರ್‌ಮನ್