ಓಕಿನಾವಾದ ಹಾಗಲ ಮತ್ತು ಹಣ್ಣುನೊಣ

ಮಾನ್ಯ ಸಂಪಾದಕರೇ,

ನಮ್ಮ ಹಾಗಲ, ಹೀರೆ ಬಳ್ಳಿಗಳನ್ನು ಕಾಡುವ ಹಣ್ಣುನೊಣವೇ 1919ರಲ್ಲಿ ಜಪಾನಿನ ಯಾಯೆಯಾಮಾ ದ್ವೀಪಗಳಲ್ಲಿ ಕಾಣಿಸಿಕೊಂಡು, 1970ರ ದಶಕದಲ್ಲಿ ಅದೇ ದೇಶದ ಓಕಿನಾವಾ ದ್ವೀಪಕ್ಕೂ ಹಬ್ಬಿ, ಅಲ್ಲಿನ ಹಾಗಲಕಾಯಿಯನ್ನು ಜಪಾನಿನ ಮುಖ್ಯ ದ್ವೀಪಗಳಿಗೆ ಕಳುಹಿಸುವುದೇ ನಿಷಿದ್ಧವಾಗುವಂತೆ ಮಾಡಿತ್ತು. ವಿಜ್ಞಾನಿಗಳು ಕೋಟ್ಯಂತರ ನೊಣಗಳನ್ನು ಸಾಕಿ, ಕೋಶಾವಸ್ಥೆಯಲ್ಲಿ ಗಾಮಾ ಕಿರಣ ಹಾಯಿಸಿ, ಸಂತಾನಶಕ್ತಿ ಕಳೆದು ಹೊರಬಿಟ್ಟರು. ಅಂಥ ಗಂಡುಗಳೊಡನೆ ಕೂಡಿದ ಹೆಣ್ಣುಗಳ ಮೊಟ್ಟೆಗಳು ಮರಿಯಾಗದೆ, ಪೀಳಿಗೆಯಿಂದ ಪೀಳಿಗೆಗೆ ಸಂತತಿ ಕ್ಷೀಣಿಸಿ, 1993ರಲ್ಲಿ ಇಡೀ ದ್ವೀಪಸಮೂಹ ಈ ಪೀಡೆಯಿಂದ ಮುಕ್ತವಾಯಿತು. ಸುತ್ತ ಸಮುದ್ರವಿದ್ದುದು ಅವರಿಗೆ ದೊಡ್ಡ ಅನುಕೂಲ, ನಿಜ. ನಮ್ಮಲ್ಲಿ ಸಂಪೂರ್ಣ ನಿರ್ಮೂಲನೆ ಅಸಾಧ್ಯವಾದರೂ ಹಾವಳಿ ತಗ್ಗಿಸಬಹುದು; ಆದರೆ ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಯನ್ನು ಒಬ್ಬರ ಹೊಲದಲ್ಲಷ್ಟೇ ಕಟ್ಟಿದರೆ ಪಕ್ಕದ ಹೊಲದಿಂದ ನೊಣ ಮತ್ತೆ ಬರುತ್ತದೆ. ಆದ್ದರಿಂದ ತೋಟಗಾರಿಕೆ ಇಲಾಖೆಯು ಬಲೆಗಳನ್ನು ಊರಿಗೆ ಊರೇ ಏಕಕಾಲಕ್ಕೆ ಅಳವಡಿಸುವಂತೆ ವಿತರಿಸಬೇಕು.

– ತರಕಾರಿ ಬೆಳೆಗಾರ, ಕೋಲಾರ