ಗೋಸುಂಬೆಯ ಕಾಯಿಲೆ ಬಣ್ಣದಲ್ಲಷ್ಟೇ ಇಲ್ಲ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ವರ್ಗವಾಗಿ ಬಂದ ನಮ್ಮ ನೆರೆಮನೆಯವರು ಯೆಮೆನ್ ಮೂಲದ ಗೋಸುಂಬೆಯೊಂದನ್ನು ಸಾಕಿದ್ದು, ಈ ಮಳೆಗಾಲದಲ್ಲಿ ಅದು ಹಗಲಲ್ಲೇ ಕಣ್ಣು ಮುಚ್ಚಿ ಕೂರತೊಡಗಿದಾಗ ನಿದ್ದೆಯೆಂದೇ ಭಾವಿಸಿದ್ದರು. ಹಗಲು ಕಣ್ಣು ಮುಚ್ಚುವ ಗೋಸುಂಬೆಗೆ ಹುಷಾರಿಲ್ಲವೆಂದೇ ತಿಳಿಯಬೇಕು. ಬಣ್ಣವಾದರೋ ಭಯಕ್ಕೂ ಬಿಸಿಲಿಗೂ ಬದಲಾಗುತ್ತದೆ.

ಕಣ್ಣು ಗುಳಿಬಿದ್ದು, ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲವೆಂದು ಅರ್ಥ. ಈ ಪ್ರಾಣಿ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಮುಟ್ಟದೆ ಎಲೆಯ ಮೇಲಿನ ಹನಿಗಳನ್ನೇ ನೆಕ್ಕುತ್ತದೆ. ಬಾಯಿ ತೆರೆದು ಉಸಿರೆಳೆಯುವುದು, ಬಾಯಂಚಿನಲ್ಲಿ ಗುಳ್ಳೆ ಕಾಣುವುದು ಶ್ವಾಸಕೋಶದ ಸೋಂಕಿನ ಸುಳಿವು. ಮುಂಗಾಲು ಬಿಲ್ಲಿನಂತೆ ಬಾಗಿ, ಚಾಚಿದ ನಾಲಿಗೆ ಹುಳುವಿನವರೆಗೆ ತಲುಪದಿದ್ದರೆ ಕ್ಯಾಲ್ಸಿಯಂ ಕೊರತೆಯನ್ನು ಶಂಕಿಸಬೇಕು. ವಾರಗಟ್ಟಲೆ ಸೂರ್ಯ ಕಾಣದ ಮಲೆನಾಡಿನಲ್ಲಿ ಇದರ ಅಪಾಯ ಹೆಚ್ಚು. ಕ್ಯಾಲ್ಸಿಯಂ ಮೈಗೂಡಲು ಅಗತ್ಯವಾದ ಬಿಸಿಲಿನ ನೇರಳಾತೀತ ಕಿರಣಗಳನ್ನು ಕಿಟಕಿಯ ಗಾಜು ತಡೆಯುವುದರಿಂದ ಆ ಕಿರಣಗಳನ್ನು ಸೂಸುವ ಯುವಿಬಿ ದೀಪವೇ ಬೇಕು.

ತೋಟದ ಬೇಲಿಯಲ್ಲಿ ಸಿಗುವ ನಮ್ಮ ಗೋಸುಂಬೆಯನ್ನು ಹಿಡಿದು ಸಾಕುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾಸನದ ಪಶುವೈದ್ಯಕೀಯ ಕಾಲೇಜು ಸರೀಸೃಪಗಳ ಚಿಕಿತ್ಸೆಯ ಬಗ್ಗೆ ಈ ಭಾಗದ ವೈದ್ಯರಿಗೆ ತರಬೇತಿ ಶಿಬಿರವೊಂದನ್ನು ಏರ್ಪಡಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಚಿಕ್ಕಮಗಳೂರು