ಡಾಕ್ಟರ್ ಕೊಟ್ಟ ದಿನಾಂಕ ತಪ್ಪಿಸಬೇಡಿ

ದಾವಣಗೆರೆ ಜಿಲ್ಲೆಯ ಮಾಜಿ ಸೈನಿಕರಿಗೂ ಮನೆಯವರಿಗೂ ನಮಸ್ಕಾರ.

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ರೆಫರಲ್‌ಗೆ, ಅಂದರೆ ಯೋಜನೆಯ ಪಾಲಿಕ್ಲಿನಿಕ್‌ನವರು ಬೇರೆ ಆಸ್ಪತ್ರೆಗೆ ಬರೆದುಕೊಡುವ ಚೀಟಿಗೆ, ಅವಧಿ ಇರುತ್ತದೆ. ಅದು ಮುಗಿದರೆ ಮತ್ತೆ ಪಾಲಿಕ್ಲಿನಿಕ್‌ನಿಂದಲೇ ಶುರು. ನನಗೆ ಜಾಸ್ತಿ ಚಿಂತೆ ಬಿಪಿ, ಶುಗರ್ ಇರುವವರದ್ದು. "ಆರಾಮಾಗಿದ್ದೀನಲ್ಲ" ಅಂತ ತಪಾಸಣೆ ಬಿಟ್ಟರೆ ಮಾತ್ರೆಯೂ ನಿಲ್ಲುತ್ತದೆ. ಶುಗರ್ ನೋವೇ ಇಲ್ಲದೆ ಕಣ್ಣು, ಕಿಡ್ನಿ, ಕಾಲಿನ ನರ ಕೆಡಿಸುತ್ತದೆ. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ, ಅಲ್ವಾ?

ಜಗಳೂರು, ಹೊನ್ನಾಳಿ ಕಡೆಯ ಹಿರಿಯರಿಗೆ ಬಸ್ಸು ಹತ್ತಿ ಬರುವುದೇ ಕಷ್ಟ, ಗೊತ್ತು. ಆಗದಿದ್ದರೆ ಸುಮ್ನೆ ಇರಬೇಡಿ. ಮೊದಲೇ ಫೋನ್ ಮಾಡಿ ಬೇರೆ ದಿನ ಕೇಳಿ. ಆ ಸಮಯ ಇನ್ನೊಬ್ಬ ರೋಗಿಗೆ ಸಿಗುತ್ತದೆ. ಜೊತೆಗೆ ಯಾರೂ ಇಲ್ಲದಿದ್ದರೆ ಇಲ್ಲೇ ಬರೆಯಿರಿ, ನಮ್ಮಲ್ಲೊಬ್ಬರು ಬರುತ್ತೇವೆ.

ಎದೆನೋವಿನಂಥ ತುರ್ತಿಗೆ ಮಾತ್ರ ರೆಫರಲ್ ಕಾಯಬೇಡಿ. ಇಸಿಎಚ್‌ಎಸ್ ಕಾರ್ಡ್ ಹಿಡಿದು ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಹೋಗಿ.